ಗೆದ್ದರೂ ಕಣ್ಣಿಗೆ ಬೀಳದ ಊರುಗಳು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಾಲಿಗೆ ಕ್ರಿಸ್‌ಮಸ್ ಎಂದರೆ ತೇರಿನ ದಿನ. ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಒಂದರ ಹಿಂದೊಂದು ಐದು ಪಂದ್ಯಗಳು ನಡೆಯುತ್ತವೆ, ಐದೂ ದೇಶದಾದ್ಯಂತ ನೇರ ಪ್ರಸಾರವಾಗುತ್ತವೆ. ರಜೆಯಲ್ಲಿ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತಿರುವ ಆ ಹೊತ್ತಿಗೆ ಯಾವ ಹತ್ತು ತಂಡಗಳನ್ನು ತೋರಿಸಬೇಕೆಂಬುದನ್ನು ಲೀಗ್ ಮತ್ತು ವಾಹಿನಿಗಳು ತಿಂಗಳುಗಳ ಮೊದಲೇ ತೀರ್ಮಾನಿಸಿರುತ್ತವೆ. 2024ರ ಕ್ರಿಸ್‌ಮಸ್ ಪಟ್ಟಿಯಲ್ಲಿ ಓಕ್ಲಹೋಮ ಸಿಟಿ ಥಂಡರ್ ತಂಡದ ಹೆಸರಿರಲಿಲ್ಲ. ಹಿಂದಿನ ಸೀಸನ್‌ನಲ್ಲಿ ಆ ತಂಡ 82 ಪಂದ್ಯಗಳಲ್ಲಿ 57 ಗೆದ್ದು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿತ್ತು. ಅದೇ ಸೀಸನ್‌ನಲ್ಲಿ 22 ಗೆದ್ದು 60 ಸೋತಿದ್ದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಮಾತ್ರ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡುವ ಮೊದಲ ಪಂದ್ಯವೇ ಸಿಕ್ಕಿತು. ಲಾಸ್ ಏಂಜಲೀಸ್ ಲೇಕರ್ಸ್ ಎಂದಿನಂತೆ ಇತ್ತು. 1999ರಿಂದ ಈಚೆಗೆ ಆ ತಂಡ ಆಡದ ಕ್ರಿಸ್‌ಮಸ್ ಇಲ್ಲ.

ಸ್ಯಾನ್ ಆಂಟೋನಿಯೊಗೆ ಮಣೆ ಹಾಕಿದ್ದಕ್ಕೆ ಕಾರಣ ಗುಟ್ಟೇನಲ್ಲ. ವಿಕ್ಟರ್ ವೆಂಬನ್ಯಾಮ ಎಂಬ ಏಳಡಿಗೂ ಮೀರಿದ ಎತ್ತರದ ಫ್ರಾನ್ಸಿನ ಹುಡುಗ ಆ ತಂಡದಲ್ಲಿದ್ದರು. ಅಂದು 42 ಅಂಕ ಹೊಡೆದು ಅವರು ವಾಹಿನಿಯ ಲೆಕ್ಕಾಚಾರವನ್ನು ನಿಜ ಮಾಡಿಯೂ ತೋರಿಸಿದರು. ನೋಡಿದವರಿಗೆ ಮೋಸವಾಗಲಿಲ್ಲ. ಆದರೂ ಈ ಆಯ್ಕೆಯಲ್ಲಿ ಒಂದು ವಿಪರ್ಯಾಸವಿತ್ತು. ಸಣ್ಣ ಊರಿನ ತಂಡ ಎಷ್ಟು ಗೆದ್ದರೂ ಮಾಧ್ಯಮ ಅದನ್ನು ತಿರುಗಿ ನೋಡುವುದಿಲ್ಲ ಎಂಬ ದೂರಿಗೆ ಸುಮಾರು ಎರಡು ದಶಕ ಕಾಲ ಉದಾಹರಣೆಯಾಗಿ ನಿಂತಿದ್ದ ತಂಡ ಬೇರಾವುದೂ ಅಲ್ಲ, ಇದೇ ಸ್ಯಾನ್ ಆಂಟೋನಿಯೊ. ಆ ದೂರು ಎಲ್ಲಿ ಹುಟ್ಟಿತು, ಎಷ್ಟು ನಿಜ, ಎಲ್ಲಿ ಹಾದಿ ತಪ್ಪಿತು ಎಂಬುದನ್ನು ತಿಳಿಯಲು ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಊರು ಸಣ್ಣದೋ, ಮಾರುಕಟ್ಟೆ ಸಣ್ಣದೋ

ಅದಕ್ಕೆ ಮೊದಲು ‘ಸಣ್ಣ ಮಾರುಕಟ್ಟೆ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಇಲ್ಲಿ ಮಾರುಕಟ್ಟೆ ಎಂದರೆ ಊರಿನ ಜನಸಂಖ್ಯೆಯಲ್ಲ, ಆ ಊರನ್ನು ಕೇಂದ್ರವಾಗಿಟ್ಟುಕೊಂಡ ಟಿವಿ ಪ್ರದೇಶದಲ್ಲಿ ಎಷ್ಟು ಮನೆಗಳಲ್ಲಿ ಟಿವಿ ಇದೆ ಎಂಬ ಲೆಕ್ಕ. ನೀಲ್ಸನ್ ಸಂಸ್ಥೆ ಪ್ರತಿವರ್ಷ ಈ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ನ್ಯೂಯಾರ್ಕ್ ಪ್ರದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು, ಲಾಸ್ ಏಂಜಲೀಸ್ ಪ್ರದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಟಿವಿ ಮನೆಗಳಿವೆ. ಓಕ್ಲಹೋಮ ಸಿಟಿಯದು ಆ ಪಟ್ಟಿಯಲ್ಲಿ 40ರಿಂದ ಕೆಳಗಿನ ಸ್ಥಾನ. ಸ್ಯಾನ್ ಆಂಟೋನಿಯೊ ನಗರದ ಗಡಿಯೊಳಗಿನ ಜನಸಂಖ್ಯೆ 14 ಲಕ್ಷ ದಾಟಿದ್ದು, ಅಮೆರಿಕದ ಏಳನೆಯ ದೊಡ್ಡ ನಗರ ಅದು. ಬೋಸ್ಟನ್ ನಗರದ ಎರಡರಷ್ಟು ಜನ ಅಲ್ಲಿದ್ದಾರೆ. ಆದರೆ ಬೋಸ್ಟನ್ನಿನ ಸುತ್ತ ಒತ್ತೊತ್ತಾಗಿ ಊರುಗಳು ಬೆಳೆದಿರುವುದರಿಂದ ಅದರ ಟಿವಿ ಪ್ರದೇಶ ಮೊದಲ ಹತ್ತರ ಆಸುಪಾಸಿನಲ್ಲಿದೆ, ಸ್ಯಾನ್ ಆಂಟೋನಿಯೊದ್ದು ಮೂವತ್ತರ ಆಸುಪಾಸಿನಲ್ಲಿ. ಹಾಗಾಗಿ ಬೋಸ್ಟನ್ ದೊಡ್ಡ ಮಾರುಕಟ್ಟೆ, ಸ್ಯಾನ್ ಆಂಟೋನಿಯೊ ಸಣ್ಣದು. ಜಾಹೀರಾತು ಮಾರುವವರು ತಮ್ಮ ಅನುಕೂಲಕ್ಕೆಂದು ಮಾಡಿಕೊಂಡ ಈ ವಿಂಗಡಣೆ ಕ್ರಮೇಣ ಪತ್ರಕರ್ತರ ಬಾಯಿಗೂ ಬಂದು, ಕೊನೆಗೆ ಅಭಿಮಾನಿಗಳು ತಮ್ಮನ್ನು ತಾವೇ ‘ನಾವು ಸಣ್ಣ ಮಾರುಕಟ್ಟೆಯವರು’ ಎಂದು ಕರೆದುಕೊಳ್ಳುವಷ್ಟು ಸಹಜವಾಗಿಬಿಟ್ಟಿತು.

ವಾಹಿನಿಗಳ ಲೆಕ್ಕ ಸರಳವಾದದ್ದು. ಲೀಗಿನ ರಾಷ್ಟ್ರೀಯ ಪ್ರಸಾರ ಹಕ್ಕಿನ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. 1990ರಲ್ಲಿ ಎನ್‌ಬಿಸಿ ನಾಲ್ಕು ವರ್ಷಕ್ಕೆ 60 ಕೋಟಿ ಡಾಲರ್ ಕೊಟ್ಟಿದ್ದರೆ, 2025ರಲ್ಲಿ ಶುರುವಾದ ಹೊಸ ಒಪ್ಪಂದ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರಿನದು. ಇಷ್ಟು ಹಣ ಸುರಿದವರು ಅದನ್ನು ಹಿಂದಕ್ಕೆ ಪಡೆಯಬೇಕಾದದ್ದು ವೀಕ್ಷಕರ ಸಂಖ್ಯೆಯಿಂದ. ನ್ಯೂಯಾರ್ಕ್ ತಂಡ ಆಡಿದರೆ 70 ಲಕ್ಷ ಮನೆಗಳಲ್ಲಿ ಒಂದಷ್ಟು ಪಾಲು ತಾನಾಗಿಯೇ ಟಿವಿ ಹಾಕುತ್ತದೆ. ಓಕ್ಲಹೋಮ ಸಿಟಿಯಲ್ಲಿ ಪ್ರತಿಯೊಂದು ಮನೆಯೂ ಟಿವಿ ಹಾಕಿದರೂ ಆ ಸಂಖ್ಯೆಯ ಹತ್ತಿರ ಬರುವುದಿಲ್ಲ. ಇದರಲ್ಲಿ ದ್ವೇಷವೂ ಇಲ್ಲ, ಒಳಸಂಚೂ ಇಲ್ಲ. ಅಂಗಡಿಯ ಮುಂಗಟ್ಟಿನಲ್ಲಿ ಹೆಚ್ಚು ಬಿಕರಿಯಾಗುವ ಸರಕನ್ನು ಇಡುವ ವ್ಯಾಪಾರಿಯ ಬುದ್ಧಿ ಅಷ್ಟೇ. ಯಾವ ಪಂದ್ಯ ತೋರಿಸಬೇಕು ಎಂಬುದಕ್ಕೆ ಮೀಸಲಾಗಿದ್ದ ಈ ಬುದ್ಧಿ ಯಾರ ಬಗ್ಗೆ ಬರೆಯಬೇಕು, ಯಾರ ಗೆಲುವನ್ನು ದೊಡ್ಡದೆನ್ನಬೇಕು ಎಂಬಲ್ಲಿಗೂ ಹರಿದಾಗ ತೊಡಕು ಶುರುವಾಯಿತು.

ಗಾಲ್ಫ್‌ಗೆ ತಿರುಗಿದ ಕ್ಯಾಮೆರಾ

1977ರ ಜೂನ್ 5ರಂದು ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ತನ್ನೂರಿನಲ್ಲೇ ಫಿಲಡೆಲ್ಫಿಯ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಆ ತಂಡದ ತಾರೆ ಬಿಲ್ ವಾಲ್ಟನ್ ತಮ್ಮ ಜೆರ್ಸಿಯನ್ನೇ ಬಿಚ್ಚಿ ಜನರ ನಡುವೆ ಎಸೆದರು. ಲಾಕರ್ ಕೋಣೆಯಲ್ಲಿ ಸಂಭ್ರಮ ಇನ್ನೂ ಶುರುವಾಗುತ್ತಿದ್ದ ಹಾಗೆಯೇ ಪ್ರಸಾರ ಮಾಡುತ್ತಿದ್ದ ಸಿಬಿಎಸ್ ವಾಹಿನಿ ಗಾಲ್ಫ್ ಪಂದ್ಯಾವಳಿಯೊಂದಕ್ಕೆ ಕ್ಯಾಮೆರಾ ತಿರುಗಿಸಿತು. ಪೋರ್ಟ್‌ಲ್ಯಾಂಡಿನ ಹಳೆಯ ಅಭಿಮಾನಿಗಳು ಈ ಪ್ರಸಂಗವನ್ನು ಇಂದಿಗೂ ಮರೆತಿಲ್ಲ. ಆದರೆ ಇದನ್ನು ಸಣ್ಣ ಊರಿನ ಮೇಲಿನ ತಾತ್ಸಾರ ಎಂದಷ್ಟೇ ಓದಿದರೆ ತಪ್ಪಾಗುತ್ತದೆ, ಏಕೆಂದರೆ ಆಗ ಇಡೀ ಲೀಗೇ ಕಡೆಗಣನೆಗೆ ಗುರಿಯಾಗಿತ್ತು. 1980ರ ಫೈನಲ್ಸ್, ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ, ಗಾಯಗೊಂಡ ಕರೀಂ ಅಬ್ದುಲ್ ಜಬ್ಬಾರ್ ಅವರ ಜಾಗದಲ್ಲಿ ನಿಂತು 20ರ ಹರೆಯದ ಮ್ಯಾಜಿಕ್ ಜಾನ್ಸನ್ 42 ಅಂಕ ಗಳಿಸಿ ಲೇಕರ್ಸ್‌ಗೆ ಪ್ರಶಸ್ತಿ ತಂದುಕೊಟ್ಟಾಗ, ದೇಶದ ಬಹುಪಾಲು ಊರುಗಳವರು ಆ ಆಟವನ್ನು ನೋಡಿದ್ದು ರಾತ್ರಿ ಹನ್ನೊಂದೂವರೆಯ ಮೇಲೆ, ಮೊದಲೇ ಮುದ್ರಿಸಿಟ್ಟ ಪ್ರಸಾರದಲ್ಲಿ. ಮರುವರ್ಷ ಬೋಸ್ಟನ್ ಮತ್ತು ಹ್ಯೂಸ್ಟನ್ ಎಂಬ ಎರಡು ದೊಡ್ಡ ನಗರಗಳ ನಡುವೆ ನಡೆದ ಫೈನಲ್ಸ್‌ಗೆ ಸಿಕ್ಕ ರೇಟಿಂಗ್ 6.7, ಅಂದರೆ ನೂರು ಟಿವಿ ಮನೆಗಳಲ್ಲಿ ಏಳೂ ಅಲ್ಲ.

ಲೀಗನ್ನು ಆ ಹೊಂಡದಿಂದ ಮೇಲೆತ್ತಿದ್ದು ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಅವರ ಪೈಪೋಟಿ. ಅವರಿಬ್ಬರೂ ಇದ್ದ ತಂಡಗಳು ಲೇಕರ್ಸ್ ಮತ್ತು ಬೋಸ್ಟನ್ ಸೆಲ್ಟಿಕ್ಸ್ ಆದದ್ದರಿಂದ ಒಂದು ಸಂಗತಿ ಎರಡಾಗಿ ಕಾಣತೊಡಗಿತು. ಜನ ನೋಡಿದ್ದು ಇಬ್ಬರು ಅಸಾಧಾರಣ ಆಟಗಾರರನ್ನೋ, ಎರಡು ದೊಡ್ಡ ಊರುಗಳನ್ನೋ ಎಂದು ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. 1984ರಲ್ಲಿ ಲೀಗಿನ ಆಯುಕ್ತರಾದ ಡೇವಿಡ್ ಸ್ಟರ್ನ್ ತಂಡಗಳಿಗಿಂತ ತಾರೆಗಳನ್ನು ಮುಂದಿಟ್ಟು ಆಟವನ್ನು ಮಾರುವ ದಾರಿ ಹಿಡಿದರು. ಅದೇ ವರ್ಷ ಶಿಕಾಗೋಗೆ ಬಂದ ಮೈಕೆಲ್ ಜೋರ್ಡನ್ ಆ ದಾರಿಯನ್ನು ಹೆದ್ದಾರಿಯಾಗಿಸಿದರು. ಮುಂದೆ ಒಮ್ಮೆ, ನಿಮಗೆ ಯಾವ ಫೈನಲ್ಸ್ ಬೇಕು ಎಂದು ಕೇಳಿದಾಗ ಸ್ಟರ್ನ್ ‘ಲೇಕರ್ಸ್ ವಿರುದ್ಧ ಲೇಕರ್ಸ್’ ಎಂದು ನಕ್ಕು ಉತ್ತರಿಸಿದ್ದರು. ತಮಾಷೆಯ ಮಾತೇ ಇರಬಹುದು, ಆದರೆ ಸ್ಯಾಕ್ರಮೆಂಟೊದಂಥ ಸಣ್ಣ ಮಾರುಕಟ್ಟೆಯಲ್ಲಿ ಕೂತು ಕೇಳಿದವರಿಗೆ ನಗು ಬರುವಂಥದ್ದಲ್ಲ.

ಜೋರ್ಡನ್ ಅವರ ಕೊನೆಯ ಎರಡು ಫೈನಲ್ಸ್‌ಗಳಲ್ಲಿ ಎದುರಿಗಿದ್ದದ್ದು ಸಾಲ್ಟ್ ಲೇಕ್ ಸಿಟಿಯ ಯೂಟಾ ಜಾಝ್. 1998ರ ಆ ಸರಣಿಯನ್ನು ಪ್ರತಿ ಪಂದ್ಯಕ್ಕೆ ಸರಾಸರಿ 2.9 ಕೋಟಿ ಜನ ನೋಡಿದರು. ಆರನೆಯ ಪಂದ್ಯಕ್ಕಂತೂ 3.59 ಕೋಟಿ, ಇಂದಿಗೂ ಮುರಿಯದ ದಾಖಲೆ. ಅಂದರೆ ಫೈನಲ್ಸ್‌ನಲ್ಲಿ ಸಣ್ಣ ಊರು ಇದ್ದರೆ ಜನ ನೋಡುವುದಿಲ್ಲ ಎಂಬ ವಾದಕ್ಕೆ ಆಧಾರವಿಲ್ಲ. ಆದರೆ ಆ ಕತೆಯಲ್ಲಿ ಜಾಝ್ ತಂಡಕ್ಕೆ ಸಿಕ್ಕ ಪಾತ್ರ ಯಾವುದು? 19 ವರ್ಷ ಒಂದೇ ಊರಿಗೆ ಆಡಿ 15,806 ಅಸಿಸ್ಟ್‌ಗಳ (ಜೊತೆಗಾರರು ಅಂಕ ಗಳಿಸಲು ನೆರವಾದ ಪಾಸ್‌ಗಳ) ದಾಖಲೆ ಬರೆದ ಜಾನ್ ಸ್ಟಾಕ್ಟನ್, ಅವರ ಜೊತೆಗಾರ ಕಾರ್ಲ್ ಮಲೋನ್ ಇಬ್ಬರೂ ದೇಶದ ನೆನಪಿನಲ್ಲಿ ಉಳಿದದ್ದು ಜೋರ್ಡನ್ ಶಿಕಾಗೊ ಪರ ಹೊಡೆದ ಕೊನೆಯ ಶಾಟ್‌ನ ಚಿತ್ರದಲ್ಲಿ ಹಿನ್ನೆಲೆಯಾಗಿ. ಯಕ್ಷಗಾನದಲ್ಲಿ ರಾಮ ಪ್ರವೇಶಿಸುವ ಮೊದಲೇ ರಾವಣ ಅಬ್ಬರಿಸಿ ತನ್ನ ಗತ್ತು ತೋರಿಸುತ್ತಾನೆ. ಜಾಝ್ ತಂಡಕ್ಕೆ ಅಷ್ಟು ರಂಗಸ್ಥಳವೂ ಸಿಗಲಿಲ್ಲ.

ಐದು ಪ್ರಶಸ್ತಿ, ಒಂದು ವಿಶೇಷಣ

ಸ್ಯಾನ್ ಆಂಟೋನಿಯೊ ಕತೆ ಟಿವಿ ಹಣವಿಲ್ಲದೆಯೇ ಆರಂಭವಾದದ್ದು. 1976ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಮುಚ್ಚಿದಾಗ ಸ್ಯಾನ್ ಆಂಟೋನಿಯೊ, ಇಂಡಿಯಾನ, ಡೆನ್ವರ್ ಮತ್ತು ನ್ಯೂಯಾರ್ಕ್ ನೆಟ್ಸ್ ತಂಡಗಳನ್ನು ಎನ್‌ಬಿಎ ಒಳಗೆ ಸೇರಿಸಿಕೊಂಡಿತು. ತಲಾ 32 ಲಕ್ಷ ಡಾಲರ್ ಪ್ರವೇಶ ಶುಲ್ಕ, ಮೊದಲ ಮೂರು ವರ್ಷ ಪ್ರಸಾರ ಹಣದಲ್ಲಿ ಪಾಲಿಲ್ಲ ಎಂಬ ಷರತ್ತು. ಅದರ ಮೇಲೆ ಇನ್ನೊಂದು ವಿಚಿತ್ರ ಹೊರೆ ಈ ನಾಲ್ಕೂ ತಂಡಗಳ ಹೆಗಲೇರಿತು: ಸೇರ್ಪಡೆಯಾಗದೆ ಉಳಿದ ಸೇಂಟ್ ಲೂಯಿಸ್ ತಂಡದ ಮಾಲೀಕರಾದ ಸಿಲ್ನಾ ಸಹೋದರರಿಗೆ ತಮ್ಮ ಟಿವಿ ಆದಾಯದ ಏಳನೆಯ ಒಂದು ಭಾಗವನ್ನು ಲೀಗ್ ಇರುವವರೆಗೂ ಕೊಡಬೇಕು. 1976ರಲ್ಲಿ ಚಿಲ್ಲರೆ ಮೊತ್ತವಾಗಿದ್ದ ಅದು ಪ್ರಸಾರ ಹಕ್ಕಿನ ಬೆಲೆ ಏರಿದಂತೆ ಉಬ್ಬುತ್ತಾ ಹೋಗಿ, 2014ರಲ್ಲಿ 50 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳುವಲ್ಲಿಗೆ ಬಂದು ನಿಂತಿತು. ಒಂದು ತಂಡವೇ ಇಲ್ಲದವರು ದಶಕಗಟ್ಟಲೆ ಟಿವಿ ಹಣ ಎಣಿಸಿದ ಈ ಪ್ರಸಂಗ ಅಮೆರಿಕದ ಕ್ರೀಡಾ ವ್ಯವಹಾರದಲ್ಲಿ ನನಗೆ ತಿಳಿದಂತೆ ಅತ್ಯಂತ ಚೊಕ್ಕವಾದ ಒಪ್ಪಂದ, ಕೊಡಬೇಕಾದವರ ಪಾಲಿಗೆ ಮಾತ್ರ ಅತ್ಯಂತ ಕೆಟ್ಟದ್ದು.

1997ರಲ್ಲಿ ಟಿಮ್ ಡಂಕನ್ ಬಂದರು. ಕೋಚ್ ಗ್ರೆಗ್ ಪೊಪೊವಿಚ್ ಹಿಂದಿನ ವರ್ಷವಷ್ಟೇ ಹೊಣೆ ಹೊತ್ತಿದ್ದರು. 1999, 2003, 2005, 2007, 2014, ಹೀಗೆ ಐದು ಪ್ರಶಸ್ತಿಗಳು. ಮೊದಲನೆಯದಕ್ಕೇ ಕೊಂಕು ಎದುರಾಯಿತು: ಮಾಲೀಕರು ಮತ್ತು ಆಟಗಾರರ ಬಿಕ್ಕಟ್ಟಿನಿಂದ ಆ ಸೀಸನ್ 50 ಪಂದ್ಯಗಳಿಗೆ ಮೊಟಕಾಗಿದ್ದರಿಂದ ಆ ಪ್ರಶಸ್ತಿಯ ಪಕ್ಕ ಒಂದು ನಕ್ಷತ್ರಚಿಹ್ನೆ ಹಾಕಬೇಕು ಎಂದು ಕೋಚ್ ಫಿಲ್ ಜಾಕ್ಸನ್ ಆಡಿದ ಮಾತು ವರ್ಷಗಳ ಕಾಲ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇತ್ತು. ಅದೇ ಮೊಟಕಾದ ಸೀಸನ್‌ನ ಫೈನಲ್ಸ್‌ಗೆ ಎಂಟನೆಯ ಶ್ರೇಯಾಂಕದಿಂದ ಬಂದ ನ್ಯೂಯಾರ್ಕ್ ನಿಕ್ಸ್ ಓಟವನ್ನು ಮಾತ್ರ ಯಾವ ಚಿಹ್ನೆಯೂ ಇಲ್ಲದೆ ಅಚ್ಚರಿಯ ಕತೆಯೆಂದು ಬಣ್ಣಿಸಲಾಯಿತು.

ಆಮೇಲೆ ಅಂಕಿಗಳು ಬಂದವು. 2004ರಲ್ಲಿ ಲೇಕರ್ಸ್ ಐದೇ ಪಂದ್ಯಗಳಲ್ಲಿ ಡೆಟ್ರಾಯ್ಟ್‌ಗೆ ಸೋತ ಫೈನಲ್ಸ್‌ಗೆ ಸರಾಸರಿ 1.79 ಕೋಟಿ ವೀಕ್ಷಕರಿದ್ದರು. ಮರುವರ್ಷ ಅದೇ ಡೆಟ್ರಾಯ್ಟ್ ಜೊತೆ ಸ್ಯಾನ್ ಆಂಟೋನಿಯೊ ಏಳು ಪಂದ್ಯಗಳವರೆಗೆ ಹೋರಾಡಿದರೂ ಆ ಸಂಖ್ಯೆ 1.25 ಕೋಟಿಗೆ ಇಳಿಯಿತು. 2007ರಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 4-0 ಗೆಲುವಿಗೆ ಸಿಕ್ಕಿದ್ದು 6.2 ರೇಟಿಂಗ್, 93 ಲಕ್ಷ ವೀಕ್ಷಕರು; ಆ ತನಕದ ಅತಿ ಕಡಿಮೆ. ಈ ಅಂಕಿಗಳೇ ತೀರ್ಪಾದವು. ‘ನೀರಸ’ ಎಂಬ ವಿಶೇಷಣ ಸ್ಪರ್ಸ್ ಹೆಸರಿಗೆ ಅಂಟಿಕೊಂಡಿತು. ಡಂಕನ್ ಹಲಗೆಗೆ ಚೆಂಡು ತಾಗಿಸಿ ಬುಟ್ಟಿಗೆ ಹಾಕುವ ಶಾಲಾ ಮೇಷ್ಟ್ರ ಶೈಲಿಯ ಆಟ, ಬಾಯಿ ಬಿಡದ ಸ್ವಭಾವ, ಪೊಪೊವಿಚ್ ಪಂದ್ಯದ ನಡುವಿನ ಸಂದರ್ಶನಗಳಲ್ಲಿ ಎರಡು ಪದಗಳಲ್ಲಿ ಮುಗಿಸುತ್ತಿದ್ದ ಉತ್ತರ, ಎಲ್ಲವೂ ಅದಕ್ಕೆ ಪುರಾವೆಯಾದವು. 2007ರ ಗೆಲುವಿನ ಬಗ್ಗೆ ಇಂದು ಯಾರನ್ನು ಕೇಳಿದರೂ ನೆನಪಾಗುವುದು ಎರಡೇ: ಕ್ಲೀವ್‌ಲ್ಯಾಂಡಿನ ತಾರೆ ಲೆಬ್ರಾನ್ ಜೇಮ್ಸ್ ಅವರ ಮೊದಲ ಫೈನಲ್ಸ್ ಅದು ಎಂಬುದು, ಅದಕ್ಕೆ ಮೊದಲು ಸ್ಪರ್ಸ್‌ನ ರಾಬರ್ಟ್ ಹಾರಿ ಫೀನಿಕ್ಸ್‌ನ ಸ್ಟೀವ್ ನ್ಯಾಶ್‌ರನ್ನು ಪಕ್ಕೆಯಿಂದ ಗುದ್ದಿದಾಗ ಬೆಂಚು ಬಿಟ್ಟು ಎದ್ದ ಕಾರಣಕ್ಕೆ ಫೀನಿಕ್ಸ್‌ನ ಇಬ್ಬರು ಆಟಗಾರರು ನಿಷೇಧಕ್ಕೊಳಗಾದದ್ದು. ಗೆದ್ದ ತಂಡ ತನ್ನ ಗೆಲುವಿನ ಕತೆಯಲ್ಲೇ ಮೂರನೆಯ ಪಾತ್ರ.

ಸ್ಪರ್ಸ್ ಮೇಲೆ ಎಲ್ಲ ತಪ್ಪೂ ಹೊರಗಿನಿಂದ ಬಂತು ಎನ್ನಲಾಗದು. ಪ್ರಚಾರ ಬೇಡವೆಂಬುದು ಆ ತಂಡದ ನೀತಿಯೇ ಆಗಿತ್ತು, ಮತ್ತು ಅದರಿಂದ ಅವರಿಗೆ ಲಾಭವೂ ಆಯಿತು. ಕ್ಯಾಮೆರಾಗಳ ಕಾಟವಿಲ್ಲದ ಊರಿನಲ್ಲಿ ಒಂದೇ ಬಳಗ ವರ್ಷಾನುಗಟ್ಟಲೆ ಒಟ್ಟಿಗಿತ್ತು. ಹಾಸ್ಯಕ್ಕೂ ಕೊರತೆ ಇರಲಿಲ್ಲ. 2012ರ ಮಾರ್ಚ್‌ನಲ್ಲಿ ಡಂಕನ್ ಅವರಿಗೆ ಒಂದು ಪಂದ್ಯದ ವಿಶ್ರಾಂತಿ ಕೊಟ್ಟಾಗ, ಆಡದಿರುವುದಕ್ಕೆ ಕಾರಣ ಬರೆಯುವ ಅಂಕಣದಲ್ಲಿ ಅಧಿಕೃತವಾಗಿ ನಮೂದಾದದ್ದು ‘ವಯಸ್ಸಾಗಿದೆ’ ಎಂದು. ಇಂಥ ತಂಡವನ್ನು ನೀರಸ ಎಂದು ಕರೆಯಲು ನೋಡುವವರೂ ಸ್ವಲ್ಪ ಶ್ರಮಪಡಬೇಕಾಗುತ್ತದೆ.

ಅದೇ ವರ್ಷದ ನವೆಂಬರ್ 29ರ ಪ್ರಸಂಗ ಇಡೀ ವಿವಾದವನ್ನು ಒಂದು ರಾತ್ರಿಗೆ ಇಳಿಸಿಟ್ಟಿತು. ಅಂದು ಮಯಾಮಿ ವಿರುದ್ಧದ ಪಂದ್ಯ ಟಿಎನ್‌ಟಿ ವಾಹಿನಿಯಲ್ಲಿ ದೇಶಕ್ಕೆಲ್ಲ ಪ್ರಸಾರವಾಗಬೇಕಿತ್ತು. ದೀರ್ಘ ಪ್ರವಾಸದ ಕೊನೆಯ ಪಂದ್ಯವೆಂದು ಪೊಪೊವಿಚ್ ಅವರು ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ ಮತ್ತು ಡ್ಯಾನಿ ಗ್ರೀನ್ ಅವರನ್ನು ಮನೆಗೆ ಕಳುಹಿಸಿಬಿಟ್ಟರು. ಸ್ಟರ್ನ್ ಅಭಿಮಾನಿಗಳ ಕ್ಷಮೆ ಕೇಳಿ, ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿದರು. ಉಳಿದ ಆಟಗಾರರೇ ಕೊನೆಯವರೆಗೆ ಸೆಣಸಿ 105-100ರಲ್ಲಿ ಸೋತದ್ದು ಬೇರೆ ಮಾತು. ನೀರಸವೆಂದು ಹತ್ತು ವರ್ಷ ಜರಿದ ಆಟಗಾರರು ಒಂದು ದಿನ ಟಿವಿಯಲ್ಲಿ ಕಾಣದಿದ್ದಾಗ ಅದು ವೀಕ್ಷಕರಿಗೆ ಬಗೆದ ದ್ರೋಹವಾಯಿತು! ದಂಡದ ಹಿಂದಿನ ತರ್ಕ ಪೂರ್ತಿ ಅಸಂಬದ್ಧವೆಂದು ನಾನು ಹೇಳುವುದಿಲ್ಲ, ಏಕೆಂದರೆ ಟಿಕೆಟ್ ಕೊಂಡು ಬಂದವರಿಗೂ ಒಂದು ಹಕ್ಕಿದೆ. ಆದರೆ ಆ ಹೊತ್ತಿಗೆ ಯಾರ ಪ್ರಕಾರ ಯಾವುದು ಮುಖ್ಯ ಎಂಬುದು ಇಷ್ಟು ನಿಚ್ಚಳವಾಗಿ ಬರಹದಲ್ಲಿ ಬಂದಿರಲಿಲ್ಲ. 2014ರಲ್ಲಿ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದಾಗ ಸ್ಪರ್ಸ್ ಆಟದ ಚೆಲುವನ್ನು ಅಂಕಣಕಾರರು ತಡವಾಗಿಯಾದರೂ ಕಂಡರು, ಹೊಗಳಿದರು. ಆ ಹೊಗಳಿಕೆಗೆ ಸಿಕ್ಕ ಆಯುಸ್ಸು ಒಂದು ತಿಂಗಳೂ ಇಲ್ಲ. ಜುಲೈ 11ರಂದು ಲೆಬ್ರಾನ್ ಮಯಾಮಿ ಬಿಟ್ಟು ಕ್ಲೀವ್‌ಲ್ಯಾಂಡಿಗೆ ಮರಳುವ ಸುದ್ದಿ ಬಂತು, ಬೇಸಿಗೆ ಅವರದಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಕೂತ ತಾರೆಗಳು

ಇಷ್ಟರಲ್ಲಿ ಮಾಧ್ಯಮವೇ ಬದಲಾಗಿತ್ತು. 1979ರಲ್ಲಿ ಕನೆಕ್ಟಿಕಟ್‌ನ ಬ್ರಿಸ್ಟಲ್ ಎಂಬ ಸಣ್ಣ ಪಟ್ಟಣದಲ್ಲಿ ಶುರುವಾದ ಇಎಸ್‌ಪಿಎನ್ ದಿನದ ಇಪ್ಪತ್ನಾಲ್ಕು ಗಂಟೆಯೂ ಕ್ರೀಡೆ ತೋರಿಸುವ ವಾಹಿನಿಯಾಗಿ ಬೆಳೆದು, 2009ರಲ್ಲಿ ಲಾಸ್ ಏಂಜಲೀಸಿನಲ್ಲಿ ಲೇಕರ್ಸ್ ಆಡುವ ಕ್ರೀಡಾಂಗಣದ ಎದುರಿಗೇ ಸ್ಟುಡಿಯೊ ತೆರೆಯಿತು. ಪಂದ್ಯ ಇರುವುದು ಎರಡೂವರೆ ಗಂಟೆ. ಉಳಿದ ಗಂಟೆಗಳನ್ನು ತುಂಬಬೇಕಾದದ್ದು ಮಾತಿನಿಂದ. ಚರ್ಚೆಗೆ ಕೂತವರಿಗೆ ಎಲ್ಲರಿಗೂ ಗೊತ್ತಿರುವ ಹೆಸರು ಬೇಕು, ಪರ ಮತ್ತು ವಿರೋಧ ಎರಡೂ ಬೇಕು. ಲೇಕರ್ಸ್ ಸೋತರೆ ಚರ್ಚೆ, ಗೆದ್ದರೆ ಚರ್ಚೆ. ಮೆಂಫಿಸ್ ತಂಡ ಒಳ್ಳೆಯ ರಕ್ಷಣಾ ಆಟದಿಂದ ಗೆದ್ದರೆ ಅದರ ಬಗ್ಗೆ ಜಗಳವಾಡಲು ಯಾರಿಗೂ ಏನೂ ಇಲ್ಲ. ಹಾಗಾಗಿ ಅದು ಸುದ್ದಿಯಲ್ಲ.

ಪಕ್ಷಪಾತ ಅತ್ಯಂತ ನೋವು ಕೊಡುವುದು ಇನ್ನೊಂದು ಬಗೆಯಲ್ಲಿ. ಸಣ್ಣ ಊರಿನಲ್ಲಿ ದೊಡ್ಡ ಆಟಗಾರ ಬೆಳೆದರೆ ಅವರು ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೂತ ಪ್ರಯಾಣಿಕರೇನೋ ಎಂಬಂತೆ ರಾಷ್ಟ್ರೀಯ ಮಾಧ್ಯಮ ಮಾತಾಡುತ್ತದೆ: ಯಾವ ಬಸ್ಸು, ಯಾವಾಗ? ಇದಕ್ಕೆ ಪೂರ್ವನಿದರ್ಶನ ಇಲ್ಲದಿಲ್ಲ. ಮಿಲ್ವಾಕಿಗೆ 1971ರಲ್ಲಿ ಪ್ರಶಸ್ತಿ ತಂದ ಕರೀಂ ತಾವೇ ಕೇಳಿಕೊಂಡು 1975ರಲ್ಲಿ ಲೇಕರ್ಸ್ ಸೇರಿದರು. ಕೆವಿನ್ ಡ್ಯುರಾಂಟ್ 2016ರಲ್ಲಿ ಓಕ್ಲಹೋಮ ಸಿಟಿ ಬಿಟ್ಟರು, ಆಂಟನಿ ಡೇವಿಸ್ 2019ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಲೇಕರ್ಸ್‌ಗೆ ಹೋದರು. ಕೆಲವೊಮ್ಮೆ ನಿಜವಾಗುವುದರಿಂದ ಊಹೆಗೆ ವರದಿಯ ಗಾಂಭೀರ್ಯ ಬಂದುಬಿಡುತ್ತದೆ. ಯಾನಿಸ್ ಅಂಟೆಟೊಕೌನ್ಪೊ 2019 ಮತ್ತು 2020ರಲ್ಲಿ ಸತತ ಎರಡು ಬಾರಿ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದಾಗಲೂ ಮಿಲ್ವಾಕಿ ಆಟದ ಬಗ್ಗೆ ನಡೆದ ಮಾತಿಗಿಂತ ಅವರು ಎಲ್ಲಿಗೆ ಹೋಗಬಹುದು ಎಂಬ ಮಾತೇ ಹೆಚ್ಚು. 2020ರ ಡಿಸೆಂಬರ್‌ನಲ್ಲಿ ಅವರು ಮಿಲ್ವಾಕಿ ಜೊತೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ, ಏಳು ತಿಂಗಳ ನಂತರ ಫೈನಲ್ಸ್‌ನ ನಿರ್ಣಾಯಕ ಪಂದ್ಯದಲ್ಲಿ 50 ಅಂಕ ಗಳಿಸಿ ಕಪ್ ಎತ್ತಿದರು.

ಆಟಗಾರರಿಗೂ ಇದೇ ಗಾಳಿ. 2020-21ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಗೆಲುವು ಪಡೆದದ್ದು ಯೂಟಾ. ಆ ವರ್ಷ ತಾರೆಗಳ ಪ್ರದರ್ಶನ ಪಂದ್ಯವಾದ ಆಲ್‌ಸ್ಟಾರ್‌ಗೆ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವಾಗ ಕೊನೆಯವರಾಗಿ ಉಳಿದದ್ದು ಯೂಟಾದ ಇಬ್ಬರೇ, ಡಾನವನ್ ಮಿಚೆಲ್ ಮತ್ತು ರೂಡಿ ಗೋಬೆರ್. ಚಿಕ್ಕವರಿದ್ದಾಗ ವಿಡಿಯೊ ಗೇಮ್‌ನಲ್ಲೂ ತಾವ್ಯಾರೂ ಯೂಟಾ ತಂಡವನ್ನು ಆರಿಸಿಕೊಳ್ಳುತ್ತಿರಲಿಲ್ಲ, ಸ್ಟಾಕ್ಟನ್ ಮತ್ತು ಮಲೋನ್ ಅಷ್ಟು ಚೆನ್ನಾಗಿ ಆಡುತ್ತಿದ್ದರೂ, ಎಂದು ನಾಯಕರಲ್ಲೊಬ್ಬರಾದ ಲೆಬ್ರಾನ್ ನಗುತ್ತಾ ವಿವರಿಸಿದರು. ಅಷ್ಟು ಪ್ರಾಮಾಣಿಕ ವಿವರಣೆಯನ್ನು ಯಾವ ಮಾಧ್ಯಮ ವಿಮರ್ಶಕರೂ ಕೊಟ್ಟಿದ್ದಿಲ್ಲ.

ಡೆನ್ವರ್‌ ನಿಜಕ್ಕೂ ಸಣ್ಣ ಮಾರುಕಟ್ಟೆಯಲ್ಲ, ಮಧ್ಯಮ ಗಾತ್ರದ್ದು. ಆದರೂ ನಿಕೊಲಾ ಯೋಕಿಚ್ ಅವರ ಕತೆ ಇಲ್ಲಿ ಬಿಡುವಂತಿಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, 41ನೆಯವರಾಗಿ ಅವರ ಹೆಸರು ಕೂಗಿದಾಗ ಟಿವಿಯಲ್ಲಿ ಫಾಸ್ಟ್‌ಫುಡ್ ಕಂಪನಿಯೊಂದರ ಜಾಹೀರಾತು ಓಡುತ್ತಿತ್ತು; ಪರದೆಯ ಕೆಳಗಿನ ಪಟ್ಟಿಯಲ್ಲಿ ಹೆಸರು ಹಾದುಹೋಯಿತು. ಎರಡನೆಯ ಸುತ್ತಿನ ಆಯ್ಕೆಗಳಿಗೆ ಅದು ಮಾಮೂಲು, ಅದನ್ನು ಅವಮಾನವೆಂದು ಬಗೆಯಬೇಕಿಲ್ಲ. ಆದರೆ ಎರಡು ಬಾರಿ ಎಂವಿಪಿ ಆದ ಮೇಲೆ, 2023ರ ಪಶ್ಚಿಮ ವಿಭಾಗದ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಅವರು ಲೇಕರ್ಸ್ ತಂಡವನ್ನು ಸೋಲಿಸಿದಾಗಲೂ ಮರುದಿನದ ಚರ್ಚೆಯೆಲ್ಲ ಲೇಕರ್ಸ್ ಕೊನೆಯಲ್ಲಿ ಯೋಕಿಚ್ ಎದುರು ಕಂಡುಕೊಂಡ ಹೊಸ ತಂತ್ರದ ಬಗ್ಗೆ. ಡೆನ್ವರ್ ಕೋಚ್ ಮೈಕೆಲ್ ಮಲೋನ್ ಎರಡನೆಯ ಪಂದ್ಯವನ್ನೂ ಗೆದ್ದ ಮೇಲೆ ಈ ವಿಷಯವನ್ನೆತ್ತಿ ಬಹಿರಂಗವಾಗಿಯೇ ಹರಿಹಾಯ್ದರು. ಡೆನ್ವರ್ 4-0ರಿಂದ ಗೆದ್ದು ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಫೈನಲ್ಸ್ ತಲುಪಿದ ರಾತ್ರಿ ದೊಡ್ಡ ಸುದ್ದಿಯಾದದ್ದು ಆಗ ಲೇಕರ್ಸ್‌ನಲ್ಲಿದ್ದ ಲೆಬ್ರಾನ್ ಕೊಟ್ಟ ನಿವೃತ್ತಿಯ ಸುಳಿವು.

ದೂರಿನಲ್ಲಿ ಜೊಳ್ಳೆಷ್ಟು

ದೂರಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಂವಿಪಿ ಪ್ರಶಸ್ತಿಗೆ ಮತ ಹಾಕುವವರು ಬಹುತೇಕ ಪತ್ರಕರ್ತರು ಮತ್ತು ಪ್ರಸಾರಕರೇ. ಸಣ್ಣ ಊರುಗಳ ಮೇಲೆ ಅವರಿಗೆ ನಿಜವಾಗಿ ಹಗೆಯಿದ್ದರೆ ಅದು ಮತಪೆಟ್ಟಿಗೆಯಲ್ಲಿ ಕಾಣಬೇಕಿತ್ತು. ಕಾಣುವುದಿಲ್ಲ. ಡಂಕನ್ ಎರಡು ಬಾರಿ, ಮಿನೆಸೋಟದ ಕೆವಿನ್ ಗಾರ್ನೆಟ್, ಓಕ್ಲಹೋಮದ ಡ್ಯುರಾಂಟ್, ವೆಸ್ಟ್‌ಬ್ರೂಕ್ ಮತ್ತು 2025ರಲ್ಲಿ ಶಾಯ್ ಗಿಲ್ಜಸ್-ಅಲೆಕ್ಸಾಂಡರ್, ಮಿಲ್ವಾಕಿಯ ಯಾನಿಸ್ ಎಲ್ಲರೂ ಪಡೆದಿದ್ದಾರೆ. ನ್ಯೂಯಾರ್ಕ್ ನಿಕ್ಸ್‌ನ ಆಟಗಾರರೊಬ್ಬರು ಕೊನೆಯದಾಗಿ ಅದನ್ನು ಪಡೆದದ್ದು 1970ರಲ್ಲಿ. ಆಟವನ್ನು ಅಳೆದು ಹೇಳಿ ಎಂದು ಕೇಳಿದಾಗ ಮಾಧ್ಯಮದವರು ಹೆಚ್ಚುಕಡಿಮೆ ನ್ಯಾಯವಾಗಿಯೇ ಹೇಳುತ್ತಾರೆ. ಯಾರ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತೀರಿ ಎಂಬಲ್ಲಿ ತಕ್ಕಡಿ ವಾಲುತ್ತದೆ. ಹಗೆತನವಲ್ಲದ ಈ ಗೈರುಗಮನವನ್ನು ಸಾಬೀತುಪಡಿಸುವುದು ಕಷ್ಟ, ಅದಕ್ಕೇ ಸರಿಪಡಿಸುವುದೂ ಕಷ್ಟ.

ಮತದಾನಕ್ಕೆ ಹಣದ ನಂಟು ಬಿದ್ದಾಗ ಮಾತ್ರ ಹೊಸ ಸಮಸ್ಯೆ ಹುಟ್ಟಿತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2017ರ ಒಪ್ಪಂದದ ಪ್ರಕಾರ, ಮಾಧ್ಯಮದವರು ಆರಿಸುವ ವರ್ಷದ ಹದಿನೈದು ಆಟಗಾರರ ಪಟ್ಟಿಗೆ ಸೇರಿದವರಿಗೆ, ಇಲ್ಲವೇ ಎಂವಿಪಿಯಂಥ ಪ್ರಶಸ್ತಿ ಪಡೆದವರಿಗಷ್ಟೇ ಅವರ ಈಗಿನ ತಂಡ ಅತಿ ದೊಡ್ಡ ಸಂಬಳದ ಒಪ್ಪಂದ ಕೊಡಬಹುದು. ತಾರೆಗಳನ್ನು ಉಳಿಸಿಕೊಳ್ಳಲು ಸಣ್ಣ ಊರುಗಳಿಗೆ ನೆರವಾಗಲೆಂದೇ ಮಾಡಿದ ನಿಯಮವಿದು. ಮೊದಲ ವರ್ಷವೇ ಯೂಟಾದ ಗಾರ್ಡನ್ ಹೇವರ್ಡ್ ಮತ್ತು ಇಂಡಿಯಾನದ ಪಾಲ್ ಜಾರ್ಜ್ ಆ ಪಟ್ಟಿಯಿಂದ ಹೊರಗುಳಿದರು. ಹೇವರ್ಡ್ ಬೋಸ್ಟನ್‌ಗೆ ಹೋದರು. ಜಾರ್ಜ್‌ರನ್ನು ಇಂಡಿಯಾನ ಬಿಟ್ಟುಕೊಡಬೇಕಾಯಿತು. ಮತ ಹಾಕಿದವರು ತಪ್ಪು ಮಾಡಿದರೆಂದಲ್ಲ. ಪತ್ರಕರ್ತರ ಕೈಯಲ್ಲಿ ಒಂದು ಊರಿನ ತಂಡದ ಭವಿಷ್ಯವನ್ನು ಕೊಟ್ಟದ್ದು ಲೀಗ್.

ದೂರನ್ನು ದುರ್ಬಲಗೊಳಿಸಿದ್ದು ಒಳಸಂಚಿನ ಮಾತು. 2002ರ ಪಶ್ಚಿಮ ಫೈನಲ್ಸ್‌ನ ಆರನೆಯ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಸ್ಯಾಕ್ರಮೆಂಟೊ ವಿರುದ್ಧ ಲೇಕರ್ಸ್‌ಗೆ 27 ಫ್ರೀ ಥ್ರೋಗಳು, ಅಂದರೆ ಎದುರಾಳಿಯ ತಪ್ಪಿಗೆ ರೆಫರಿ ಕೊಡುವ ಉಚಿತ ಎಸೆತಗಳು ಸಿಕ್ಕವು. ಲೇಕರ್ಸ್ 106-102ರಲ್ಲಿ ಗೆದ್ದು, ಏಳನೆಯ ಪಂದ್ಯವನ್ನೂ ಗೆದ್ದು ಫೈನಲ್ಸ್‌ಗೆ ಹೋಯಿತು. ಗ್ರಾಹಕರ ಹಕ್ಕಿನ ಹೋರಾಟಗಾರ ರಾಲ್ಫ್ ನೇಡರ್ ಲೀಗಿಗೆ ಪತ್ರ ಬರೆದು ತನಿಖೆ ಕೇಳಿದರು. ಜೂಜಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ರೆಫರಿ ಟಿಮ್ ಡೊನಾಗಿ 2008ರಲ್ಲಿ ಆ ಸರಣಿಯ ಮೇಲೆ ಆರೋಪ ಹೊರಿಸಿದರು, ಸ್ಟರ್ನ್ ಅಲ್ಲಗಳೆದರು, ಏನೂ ಸಾಬೀತಾಗಲಿಲ್ಲ. ಅಂದಿನಿಂದ ಸಣ್ಣ ಊರಿನವರು ಪ್ರಸಾರದ ಹಂಚಿಕೆಯ ಬಗ್ಗೆ ನ್ಯಾಯವಾದ ಪ್ರಶ್ನೆ ಕೇಳಿದರೂ, ಇವರದೂ ಅದೇ ಹಳೆಯ ರೆಫರಿ ಪುರಾಣ ಎಂದು ತಳ್ಳಿಹಾಕುವುದು ಸುಲಭವಾಯಿತು.

ಗಟ್ಟಿಯಾಗಿ ಮಾತಾಡಬಲ್ಲ ಸ್ಥಳೀಯ ದನಿಗಳು ಇದೇ ಕಾಲದಲ್ಲಿ ಕುಗ್ಗಿದ್ದು ಇನ್ನೊಂದು ಪೆಟ್ಟು. ಕೇಬಲ್ ಕಂಪನಿಗಳ ಜಗಳದಿಂದಾಗಿ 2019ರಿಂದ ವರ್ಷಗಳ ಕಾಲ ಡೆನ್ವರ್‌ನ ಬಹಳಷ್ಟು ಮನೆಗಳಿಗೆ ಯೋಕಿಚ್ ಆಟವೇ ಕಾಣಲಿಲ್ಲ. ಲೀಗಿನ ಅರ್ಧದಷ್ಟು ತಂಡಗಳ ಸ್ಥಳೀಯ ಪ್ರಸಾರ ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಓಕ್ಲಹೋಮ, ಇಂಡಿಯಾನ, ಮಿಲ್ವಾಕಿ, ಸ್ಯಾನ್ ಆಂಟೋನಿಯೊ ಎಲ್ಲವೂ ಆಗ ಅದರ ಗಿರಾಕಿಗಳಾಗಿದ್ದವು.

ದೂರದ ದೇಶಗಳಲ್ಲಿ ಕೂತು ನೋಡುವವರಿಗಂತೂ ರಾಷ್ಟ್ರೀಯ ಮಾಧ್ಯಮ ಹೇಳಿದ್ದೇ ಆಟ. ಬೆಂಗಳೂರಿನ ಯಾವ ಅಂಗಳಕ್ಕೆ ಹೋದರೂ ಹುಡುಗರ ಬೆನ್ನ ಮೇಲೆ ಕಾಣುವುದು ಲೇಕರ್ಸ್, ಶಿಕಾಗೊ ಅಥವಾ ಗೋಲ್ಡನ್ ಸ್ಟೇಟ್. ಆದರೆ 2019ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಭಾರತದ ನೆಲದಲ್ಲಿ ಮೊದಲ ಎನ್‌ಬಿಎ ಪಂದ್ಯಗಳನ್ನು ಆಡಿದ್ದು ಸ್ಯಾಕ್ರಮೆಂಟೊ ಮತ್ತು ಇಂಡಿಯಾನ. ಮುಂಬೈಯಲ್ಲೇ ಹುಟ್ಟಿದ ವಿವೇಕ್ ರಣದಿವೆ ಸ್ಯಾಕ್ರಮೆಂಟೊ ತಂಡದ ಮಾಲೀಕರಾದದ್ದರಿಂದ ಒದಗಿದ ಯೋಗ ಅದು. ಮೊದಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಇಂಡಿಯಾನ 132-131ರಲ್ಲಿ ಗೆದ್ದಿತು.

ಅದೇ ಇಂಡಿಯಾನ 2025ರ ಫೈನಲ್ಸ್‌ನಲ್ಲಿ ಓಕ್ಲಹೋಮ ಸಿಟಿಯನ್ನು ಎದುರಿಸಿತು. ಇಷ್ಟು ಸಣ್ಣ ಮಾರುಕಟ್ಟೆಗಳ ಜೋಡಿ ಫೈನಲ್ಸ್‌ಗೆ ಬಂದದ್ದು ಅಪರೂಪ, ಸರಣಿ ಶುರುವಾಗುವ ಮೊದಲೇ ಯಾರು ನೋಡುತ್ತಾರೆ ಎಂಬ ಲೇಖನಗಳು ಬಂದವು. ಅಂಗಳದ ಮೇಲೆ ಟ್ರೋಫಿಯ ಚಿತ್ರವಿಲ್ಲ, ಫೈನಲ್ಸ್‌ನ ಕಳೆಯೇ ಇಲ್ಲ ಎಂದು ಅಭಿಮಾನಿಗಳು ಸಿಟ್ಟಾದರು. ಆ ಚಿತ್ರವನ್ನು ಲೀಗ್ ಎಷ್ಟೋ ವರ್ಷಗಳ ಹಿಂದೆಯೇ ಎಲ್ಲ ತಂಡಗಳಿಗೂ ಅನ್ವಯಿಸಿ ತೆಗೆದುಹಾಕಿತ್ತು, ಆದರೆ ಕಡೆಗಣನೆ ರೂಢಿಯಾದವರಿಗೆ ಪ್ರತಿಯೊಂದೂ ಕಡೆಗಣನೆಯಾಗಿಯೇ ಕಾಣುವುದು ಸಹಜ. ಎರಡನೆಯ ಪಂದ್ಯದ ಹೊತ್ತಿಗೆ ಟಿವಿ ಪರದೆಯ ಮೇಲೆ ಕಂಪ್ಯೂಟರ್‌ನಿಂದ ಟ್ರೋಫಿ ಮೂಡಿಸಲಾಯಿತು. ಸರಣಿ ಏಳನೆಯ ಪಂದ್ಯದವರೆಗೆ ಹೋಯಿತು, ಕೊನೆಯ ಪಂದ್ಯವನ್ನು ಸುಮಾರು 1.64 ಕೋಟಿ ಜನ ನೋಡಿದರು. ಇಡೀ ಸರಣಿಯ ಸರಾಸರಿ 1.03 ಕೋಟಿ; ಹಿಂದಿನ ವರ್ಷ ಬೋಸ್ಟನ್ ಮತ್ತು ಡಲ್ಲಾಸ್ ಎಂಬ ಎರಡು ದೊಡ್ಡ ಮಾರುಕಟ್ಟೆಗಳು ಆಡಿದಾಗ 1.13 ಕೋಟಿ. ಊರಿನ ಗಾತ್ರದ ಬಗ್ಗೆ ಇಷ್ಟು ವರ್ಷ ನಡೆದ ವಾದದ ಬೆಲೆ ಕೊನೆಗೆ 10 ಲಕ್ಷ ವೀಕ್ಷಕರು.

ಪ್ರಶಸ್ತಿ ಗೆದ್ದ ಓಕ್ಲಹೋಮ ಸಿಟಿಗೆ 2025ರ ಕ್ರಿಸ್‌ಮಸ್‌ನಲ್ಲಿ ಜಾಗ ಸಿಕ್ಕಿತು, ಅದೂ ತನ್ನೂರಿನಲ್ಲೇ. ಎದುರಾಳಿ ಸ್ಯಾನ್ ಆಂಟೋನಿಯೊ. 40ರ ಕೆಳಗಿನ ಮಾರುಕಟ್ಟೆಗೂ 30ರ ಆಸುಪಾಸಿನ ಮಾರುಕಟ್ಟೆಗೂ ನಡುವಿನ ಆ ಪಂದ್ಯವನ್ನು ಮಧ್ಯಾಹ್ನ ಎರಡೂವರೆಗೆ ದೇಶಕ್ಕೆಲ್ಲ ತೋರಿಸಲಾಯಿತು, ಸ್ಯಾನ್ ಆಂಟೋನಿಯೊ ಗೆದ್ದಿತು. ರಾತ್ರಿ ಎಂಟರ ಹೊತ್ತಿನ ಪಂದ್ಯ ಲೇಕರ್ಸ್‌ಗೆ ಕಾದಿರಿಸಿದ್ದೇ ಆಗಿತ್ತು.